ಬ್ಯಾಕ್‌ಲಿಂಕ್ ಸೇವೆಗೆ ಹಣ ಕೊಡುವ ಮುನ್ನ: ಶ್ರಮದ ಬೆಲೆ, ಕೊಂಡಿಯ ಬೆಲೆ

ಜಾಲತಾಣಕ್ಕೆ ಬ್ಯಾಕ್‌ಲಿಂಕ್, ಅಂದರೆ ಬೇರೆ ತಾಣಗಳಿಂದ ಅದರತ್ತ ಬರುವ ಕೊಂಡಿ, ಒದಗಿಸುವ ಸೇವೆಯನ್ನು ಗೊತ್ತುಮಾಡಿಕೊಳ್ಳುವಾಗ ನಾವು ಹಣ ಕೊಡುತ್ತಿರುವುದು ನಿಜವಾಗಿ ಯಾವುದಕ್ಕೆ ಎಂಬ ಪ್ರಶ್ನೆಯ ಸುತ್ತಲೇ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಕೊಂಡಿ ದೊರಕಲೆಂದು ಪಡುವ ಶ್ರಮಕ್ಕೆ ಕೂಲಿ ಕೊಡುವುದು ಒಂದು. ಕೊಂಡಿಯನ್ನೇ ಖರೀದಿಸುವುದು ಮತ್ತೊಂದು. ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರಿರಬಹುದು, ಆದರೆ ಹುಡುಕಾಟದ ಫಲಿತಾಂಶಗಳಲ್ಲಿ ಶ್ರೇಯಾಂಕ ಏರಿಸುವ ಉದ್ದೇಶದಿಂದ ಕೊಂಡಿಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ಗೂಗಲ್ ತನ್ನ ನಿಯಮಗಳಲ್ಲಿ ಸ್ಪಾಮ್ ಎಂದೇ ಪರಿಗಣಿಸುತ್ತದೆ.

ಕೊಂಡಿಗೆ ಬೆಲೆ ಬಂದದ್ದು ಹೇಗೆಂದು ಮೊದಲು ತಿಳಿದುಕೊಳ್ಳಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ, ಗೂಗಲ್‌ನ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ವಿವರಿಸಿದ ಪೇಜ್‌ರ‍್ಯಾಂಕ್ ಪದ್ಧತಿಯು, ಹೆಚ್ಚು ಜನ ವಿದ್ವಾಂಸರು ಉಲ್ಲೇಖಿಸಿದ ಪ್ರಬಂಧಕ್ಕೆ ಹೆಚ್ಚು ತೂಕ ಬರುವ ವಿದ್ವತ್ ಲೋಕದ ರೂಢಿಯನ್ನು, ಕೊಂಡಿಯನ್ನೇ ಉಲ್ಲೇಖವೆಂದು ಎಣಿಸಿ, ಜಾಲಪುಟಗಳಿಗೆ ಅನ್ವಯಿಸಿತು. ಅದರ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಒಂದು ಪುಟದ ಅಂಕ 1 ಎಂದೂ, ಅದು ಇತರ ಪುಟಗಳಿಗೆ ದಾಟಿಸುವ ಪಾಲು 0.85 ಎಂದೂ ಇಟ್ಟುಕೊಳ್ಳೋಣ. ಆ ಪುಟದಿಂದ 4 ಕೊಂಡಿಗಳು ಹೊರಟಿದ್ದರೆ ಒಂದೊಂದಕ್ಕೆ 0.2125 ಸಿಗುತ್ತದೆ, 100 ಕೊಂಡಿಗಳು ಹೊರಟಿದ್ದರೆ ಸಿಗುವುದು 0.0085 ಮಾತ್ರ. ಈಗಿನ ಶ್ರೇಯಾಂಕ ನಿರ್ಣಯದಲ್ಲಿ ಇನ್ನೂ ಅನೇಕ ಅಂಶಗಳು ಸೇರಿವೆಯಾದರೂ, ಕಂಡಕಂಡವರಿಗೆಲ್ಲ ಕೊಂಡಿ ಮಾರಿಕೊಂಡು ಕುಳಿತ ಪುಟದಿಂದ ಬರುವ ಪಾಲು ಎಷ್ಟು ಕ್ಷೀಣವೆಂಬುದು ಈ ಸಣ್ಣ ಭಾಗಾಕಾರದಲ್ಲೇ ಗೊತ್ತಾಗುತ್ತದೆ.

ಕೊಂಡಿ ಖರೀದಿಯ ಅಪಾಯವನ್ನು ಅರಿಯಲು ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗಳ ಪ್ರಕರಣಕ್ಕಿಂತ ಉತ್ತಮ ಪಾಠ ನನಗೆ ಕಂಡಿಲ್ಲ. 2010ರ ಕೊನೆಯ ಹಬ್ಬದ ಮಾರಾಟದ ತಿಂಗಳುಗಳಲ್ಲಿ ಉಡುಪು, ಹಾಸಿಗೆ ವಸ್ತ್ರ, ನೆಲಹಾಸು ಹೀಗೆ ಏನನ್ನು ಹುಡುಕಿದರೂ ಗೂಗಲ್‌ನಲ್ಲಿ ಆ ಸಂಸ್ಥೆಯ ಪುಟವೇ ಮೇಲೆ ಬರುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತಜ್ಞರೊಬ್ಬರ ನೆರವಿನಿಂದ ತನಿಖೆ ನಡೆಸಿದಾಗ, ಕಾರು, ನಾಯಿ, ಗೊರಕೆ, ದಂತವೈದ್ಯರು, ಸ್ನಾನದ ಮನೆಯ ಟೈಲ್ಸ್ ಮುಂತಾದ ವಿಷಯಗಳ ಸಾವಿರಾರು ಪುಟಗಳಿಂದ ಆ ಸಂಸ್ಥೆಯ ಉಡುಪುಗಳ ಪುಟಕ್ಕೆ ಕೊಂಡಿಗಳಿರುವುದು ಪತ್ತೆಯಾಯಿತು. ಗೊರಕೆಯ ಬಗ್ಗೆ ಓದಲು ಬಂದವರಿಗೆ ಸಂಜೆಯ ಉಡುಪಿನಿಂದ ಏನಾಗಬೇಕು? ಓದುಗರಿಗಾಗಿ ಹಾಕಿದ ಕೊಂಡಿಗಳು ಅವಲ್ಲ. 2011ರ ಫೆಬ್ರವರಿಯಲ್ಲಿ ಗೂಗಲ್ ಕ್ರಮ ಕೈಗೊಂಡ ಸಂಜೆ, ಒಂದು ಬಗೆಯ ಪ್ರಯಾಣದ ಚೀಲದ ಹುಡುಕಾಟದಲ್ಲಿ 1ನೇ ಸ್ಥಾನದಲ್ಲಿದ್ದ ಆ ತಾಣ ಎರಡೇ ಗಂಟೆಗಳಲ್ಲಿ 71ಕ್ಕೆ ಇಳಿಯಿತು. ತನಗೆ ಇದರ ಅರಿವಿರಲಿಲ್ಲವೆಂದ ಸಂಸ್ಥೆ ತನ್ನ ಎಸ್‌ಇಒ (ಹುಡುಕಾಟದಲ್ಲಿ ತಾಣವನ್ನು ಮೇಲೆ ತರುವ ಕೆಲಸ) ಸಲಹೆಗಾರರನ್ನು ಕೈಬಿಟ್ಟಿತು. ಆದರೆ ಶಿಕ್ಷೆ ಅನುಭವಿಸಿದ್ದು ತಾಣವೇ. ಈ ಅಂಶಕ್ಕೆ ಅಡಿಗೆರೆ ಹಾಕಿಕೊಳ್ಳಿ: ಕೆಲಸ ಯಾರೇ ಮಾಡಿರಲಿ, ಹೊಣೆ ತಾಣದ ಒಡೆಯರದು.

ಮರುವರ್ಷದ ಏಪ್ರಿಲ್‌ನಲ್ಲಿ ಗೂಗಲ್‌ನ ಹುಡುಕಾಟ ವ್ಯವಸ್ಥೆಗೆ ಬಂದ ಪೆಂಗ್ವಿನ್ ಎಂಬ ಬದಲಾವಣೆ ಇಂಥ ಕೊಂಡಿಗಳನ್ನು ಯಂತ್ರವೇ ಗುರುತಿಸುವಂತೆ ಮಾಡಿತು. 2016ರ ಸೆಪ್ಟೆಂಬರ್‌ನಿಂದ ಅದು ಗೂಗಲ್‌ನ ಮೂಲ ವ್ಯವಸ್ಥೆಯ ಭಾಗವಾಗಿದ್ದು, ಕೃತಕ ಕೊಂಡಿಗಳ ತೂಕವನ್ನೇ ತೆಗೆದುಹಾಕುವುದು ಅದರ ಮುಖ್ಯ ಕ್ರಮವಾಗಿದೆ. ಹೀಗಾಗಿ ಅಗ್ಗದ ಕೊಂಡಿಗಳನ್ನು ಕೊಂಡವರಿಗೆ ಎಷ್ಟೋ ಸಲ ದಂಡನೆಯೂ ಇಲ್ಲ, ಲಾಭವೂ ಇಲ್ಲ. ಹಣ ಮಾತ್ರ ನೀರಿನಲ್ಲಿ ಹೋಮ. ಜಾಹೀರಾತಿಗಾಗಿ ಕೊಂಡಿ ಹಾಕಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಅದನ್ನು ಶ್ರೇಯಾಂಕಕ್ಕೆ ಎಣಿಸಬೇಡಿರೆಂದು ಗೂಗಲ್‌ಗೆ ಸೂಚಿಸಲು, ಅದಕ್ಕೆ 2005ರಲ್ಲಿ ಬಂದ ‘ನೋಫಾಲೋ’ ಅಥವಾ 2019ರಲ್ಲಿ ಬಂದ ‘ಸ್ಪಾನ್ಸರ್ಡ್’ ಗುರುತನ್ನು ಹಚ್ಚಿರಬೇಕು.

ಹಾಗಾದರೆ ಒಳ್ಳೆಯ ಸೇವೆಯವರು ಮಾಡುವುದೇನು? ಇಳಕಲ್ ಸೀರೆ ಮಾರುವ ಒಂದು ತಾಣವಿದೆಯೆಂದು ಭಾವಿಸೋಣ. ಸೆರಗಿನ ದಾರಗಳನ್ನು ಒಡಲಿನ ದಾರಗಳಿಗೆ ಕೊಂಡಿಹಾಕಿ ಜೋಡಿಸುವ ತೋಪು ತೆನೆ ವಿಧಾನವನ್ನು ನೇಕಾರರ ಮಗ್ಗದ ಬಳಿಯೇ ಚಿತ್ರೀಕರಿಸಿ, ಹಂತಹಂತವಾಗಿ ವಿವರಿಸುವ ಪುಟವೊಂದನ್ನು ಅವರು ಸಿದ್ಧಪಡಿಸಿಕೊಡಬಹುದು. ಆಮೇಲೆ ಜವಳಿ ವಿಷಯ ಕಲಿಸುವ ಕಾಲೇಜುಗಳಿಗೆ, ಕೈಮಗ್ಗದ ಬಗ್ಗೆ ಬರೆಯುವ ಪತ್ರಕರ್ತರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಪತ್ರ ಬರೆದು ಅದನ್ನು ಗಮನಕ್ಕೆ ತರಬಹುದು. ಕೊಂಡಿ ಕೊಡುವುದು, ಬಿಡುವುದು ಅವರವರ ಇಷ್ಟ. ನಿರಾಕರಿಸುವ ಈ ಸ್ವಾತಂತ್ರ್ಯ ಎದುರಿನವರಿಗೆ ಇರುವುದರಿಂದಲೇ ಅಂಥ ಕೊಂಡಿಗೆ ಮೌಲ್ಯವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಮಾತುಕತೆಯಲ್ಲಿ ‘ತಿಂಗಳಿಗೆ 50 ಲಿಂಕ್ ಖಚಿತ’ ಎಂಬ ಭರವಸೆ ಕೇಳಿಬಂದರೆ, ಅಷ್ಟು ಖಚಿತವಾಗಿ ಅವು ಎಲ್ಲಿಂದ ಬರುತ್ತವೆ ಎಂದು ವಿಚಾರಿಸಬೇಕು. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಹೇಳಿದೆ. ಎಸ್‌ಇಒ ಕೆಲಸದ ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಹಿಡಿಯುತ್ತದೆಂದೂ ತಿಳಿಸಿದೆ. ಡೊಮೇನ್ ಅಥಾರಿಟಿ ಎಂಬ ಅಂಕವನ್ನು ತೋರಿಸಿ ದರ ಹೇಳುವವರೂ ಇದ್ದಾರೆ, ಆದರೆ ಅದು ಎಸ್‌ಇಒ ಸಾಧನಗಳನ್ನು ಒದಗಿಸುವ ಮಾಜ್ ಸಂಸ್ಥೆಯು ತಾಣದ ಶ್ರೇಯಾಂಕ ಸಾಮರ್ಥ್ಯದ ಬಗ್ಗೆ ಮಾಡುವ ಅಂದಾಜೇ ಹೊರತು ಗೂಗಲ್‌ನ ಮಾಪನವಲ್ಲ.

ಒಪ್ಪಂದದಲ್ಲಿ ಎರಡು ವಿಷಯಗಳನ್ನು ಬರೆಸಿಕೊಳ್ಳಿ. ತಾಣದ ಒಡೆಯರಿಗಾಗಿ ಗೂಗಲ್ ಒದಗಿಸುವ ಸರ್ಚ್ ಕನ್ಸೋಲ್ ಖಾತೆಯ ಒಡೆತನ ನಿಮ್ಮಲ್ಲೇ ಇರಬೇಕು, ಏಕೆಂದರೆ ಗೂಗಲ್‌ನ ಎಚ್ಚರಿಕೆ ಬರುವುದು ಅಲ್ಲಿಗೆ. ಕೊಂಡಿ ಬಂದ ಪುಟದ ವಿಳಾಸ, ಕೊಂಡಿಯನ್ನು ಹೊತ್ತ ಪದಗಳು ಮತ್ತು ಅದಕ್ಕಾಗಿ ಯಾರಿಗಾದರೂ ಹಣ ಸಂದಿದೆಯೇ ಎಂಬ ಮೂರು ವಿವರಗಳುಳ್ಳ ಪಟ್ಟಿ ಪ್ರತಿ ತಿಂಗಳೂ ನಿಮ್ಮ ಕೈಸೇರಬೇಕು. ಮುಂದೆ ಯಾವುದಾದರೂ ಕೊಂಡಿಯನ್ನು ತೆಗೆಸಬೇಕಾಗಿ ಬಂದರೆ, ಅಥವಾ 2012ರಿಂದ ಲಭ್ಯವಿರುವ ಡಿಸ್‌ಅವೌ ಸಾಧನದ ಮೂಲಕ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿರೆಂದು ಗೂಗಲ್‌ಗೆ ತಿಳಿಸಬೇಕಾದರೆ, ಕೆಲಸ ಆರಂಭವಾಗುವುದು ಆ ಪಟ್ಟಿಯಿಂದಲೇ.