ಭೇದದ ಬೇರು ಬಲಿಪೀಠದಲ್ಲಿದೆ

ಕಥೋಲಿಕರಿಗೂ ಪ್ರಾಟೆಸ್ಟೆಂಟರಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ಮಾತೆ ಮರಿಯಮ್ಮನವರ ಹೆಸರು, ಆಮೇಲೆ ಪ್ರತಿಮೆಗಳು, ಆಮೇಲೆ ಪೋಪ್. ಧರ್ಮೋಪದೇಶ ಮಾಡುವವರೂ ಇದೇ ಕ್ರಮದಲ್ಲಿ ಉತ್ತರಿಸಲು ಹೊರಟರೆ ಕೊಂಬೆಗಳನ್ನು ಎಣಿಸುವುದರಲ್ಲೇ ತರಗತಿ ಮುಗಿದುಹೋಗುತ್ತದೆ. ಬೇರು ಇರುವುದು ಎರಡು ಪ್ರಶ್ನೆಗಳಲ್ಲಿ. ಬೈಬಲಿನ ಅರ್ಥದ ಬಗ್ಗೆ ಕೊನೆಯ ಮಾತು ಯಾರದು? ಬಲಿಪೀಠದ ಮೇಲೆ ನಡೆಯುವುದೇನು? ಎರಡರಲ್ಲಿ ಎರಡನೆಯದೇ ಹೆಚ್ಚು ಆಳವಾದದ್ದು ಎಂದು ಕಥೋಲಿಕನಾಗಿ ನಾನು ನಂಬುತ್ತೇನೆ.

ಅದಕ್ಕೂ ಮೊದಲು ನಮ್ಮಿಬ್ಬರಿಗೂ ಸೇರಿದ ಆಸ್ತಿಯನ್ನು ಗುರುತಿಸಬೇಕು. ತ್ರಿಯೇಕ ದೇವರು, ಕ್ರಿಸ್ತರ ಪುನರುತ್ಥಾನ, ನೈಸೀಯ ವಿಶ್ವಾಸ ಪ್ರಮಾಣ, ಇವುಗಳ ಜೊತೆಗೆ ಜ್ಞಾನಸ್ನಾನ. ನೀರು ಸುರಿದು ಅಥವಾ ನೀರಿನಲ್ಲಿ ಮುಳುಗಿಸಿ, ಪಿತ, ಸುತ ಮತ್ತು ಪವಿತ್ರಾತ್ಮರ ನಾಮದಲ್ಲಿ, ಧರ್ಮಸಭೆ (ಚರ್ಚ್) ಮಾಡುವುದನ್ನೇ ಮಾಡುವ ಉದ್ದೇಶದಿಂದ ಕೊಟ್ಟಿದ್ದರೆ, ಕೊಟ್ಟವರು ಪ್ರಾಟೆಸ್ಟೆಂಟ್ ಪಂಗಡವಾದ ಲೂಥರನ್ ಸಭೆಯ ಪಾಸ್ಟರ್ ಆಗಿದ್ದರೂ ಅದು ಪೂರ್ಣ ಜ್ಞಾನಸ್ನಾನವೇ. ಅಂಥವರು ಕಥೋಲಿಕರಾಗಲು ಬಂದಾಗ ಮತ್ತೆ ನೀರು ಹಾಕುವುದು ತಪ್ಪು. ಗುರುಗಳ (ಪಾದ್ರಿಗಳ) ಮುಂದೆ ಪಾಪನಿವೇದನೆ ಮಾಡಿ, ವಿಶ್ವಾಸವನ್ನು ಬಹಿರಂಗವಾಗಿ ಘೋಷಿಸಿ, ದೃಢೀಕರಣ (ವಿಶ್ವಾಸದಲ್ಲಿ ಬಲಪಡಿಸುವ ಸಂಸ್ಕಾರ) ಮತ್ತು ಪರಮಪ್ರಸಾದ (ಬಲಿಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ಪ್ರಸಾದ) ಪಡೆದರೆ ಸಾಕು. ಪ್ರಮಾಣಪತ್ರವನ್ನು ನೋಡಿ, ಯಾವ ಮಾತು ಬಳಸಿದರೆಂದು ವಿಚಾರಿಸಿದ ಮೇಲೂ ಗಟ್ಟಿಯಾದ ಅನುಮಾನ ಉಳಿದರೆ ಮಾತ್ರ ‘ನಿನಗೆ ಈಗಾಗಲೇ ಆಗಿಲ್ಲದಿದ್ದರೆ’ ಎಂಬ ಷರತ್ತಿನೊಂದಿಗೆ ಕೊಡಬಹುದು. ಮಾತಿನ ವಿಷಯದಲ್ಲಿ ಧರ್ಮಸಭೆ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ 2020ರ ತೀರ್ಪು ಸಾಕ್ಷಿ. ‘ನಾನು’ ಎನ್ನುವ ಕಡೆ ‘ನಾವು ಜ್ಞಾನಸ್ನಾನ ಕೊಡುತ್ತೇವೆ’ ಎಂದರೆ ಅದು ಸಿಂಧುವಲ್ಲ ಎಂದು ರೋಮ್ ಹೇಳಿತು, ಹಾಗೆ ಹೇಳಿದವರು ಕಥೋಲಿಕ ಗುರುಗಳೇ ಆಗಿದ್ದರೂ.

ಈಗ ಮೊದಲ ಪ್ರಶ್ನೆ. ‘ಬೈಬಲ್ ಒಂದೇ ಸಾಕು’ ಎಂಬುದು 16ನೇ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಸಭೆಗಳಿಗೆ ನಾಂದಿ ಹಾಡಿದ ಸುಧಾರಕರ ನಿಲುವು. ನಮ್ಮ ಪ್ರಕಾರ ದೇವರ ವಾಕ್ಯ ನಮಗೆ ದೊರೆತದ್ದು ಪವಿತ್ರ ಗ್ರಂಥದಿಂದ ಮತ್ತು ಪ್ರೇಷಿತರಿಂದ, ಅಂದರೆ ಕ್ರಿಸ್ತರು ಕಳುಹಿಸಿದ ಮೊದಲ ಶಿಷ್ಯರಿಂದ, ಬಂದ ಪರಂಪರೆಯಿಂದ. ಎರಡನ್ನೂ ಅಧಿಕೃತವಾಗಿ ವಿವರಿಸುವ ಹೊಣೆ ಪೋಪರದು ಮತ್ತು ಅವರೊಂದಿಗಿರುವ ಧರ್ಮಾಧ್ಯಕ್ಷರದು (ಬಿಷಪ್ಪರದು). ಗ್ರಂಥದಲ್ಲಿ ಎಷ್ಟು ಪುಸ್ತಕಗಳಿರಬೇಕು ಎಂಬ ಪಟ್ಟಿಯನ್ನು ಗ್ರಂಥವೇ ಕೊಡುವುದಿಲ್ಲವಲ್ಲ! ನಮ್ಮ ಬೈಬಲಿನಲ್ಲಿ 73 ಪುಸ್ತಕಗಳು, ಪ್ರಾಟೆಸ್ಟೆಂಟರದರಲ್ಲಿ 66. ತೋಬಿತ, ಯೂದಿತ, ಸುಜ್ಞಾನ ಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕಗಳು, ಜೊತೆಗೆ ಎಸ್ತೇರ್ ಮತ್ತು ದಾನಿಯೇಲ ಗ್ರಂಥಗಳ ಕೆಲವು ಭಾಗಗಳು ಅಲ್ಲಿಲ್ಲ. ಇವನ್ನು 1546ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಹೊಸದಾಗಿ ಸೇರಿಸಿತು ಎಂಬ ಮಾತು ಸರಿಯಲ್ಲ. ಶತಮಾನಗಳಿಂದ ಆರಾಧನೆಯಲ್ಲಿ ಓದುತ್ತಿದ್ದ ಪಟ್ಟಿಯನ್ನು ಅದು ವಿಧಿವತ್ತಾಗಿ ಘೋಷಿಸಿತು ಅಷ್ಟೇ. ಸತ್ತವರಿಗಾಗಿ ಪ್ರಾರ್ಥಿಸುವ ಬಗ್ಗೆ ವಾದ ಮಾಡುವಾಗ ಇದು ನೆನಪಿರಲಿ: ನಾವು ತೋರಿಸುವ ಎರಡನೆಯ ಮಕ್ಕಬಿಯರ 12ನೇ ಅಧ್ಯಾಯ ಎದುರಿನವರ ಕೈಯಲ್ಲಿರುವ ಪುಸ್ತಕದಲ್ಲಿ ಇರುವುದೇ ಇಲ್ಲ. ಮೊದಲು ಪಟ್ಟಿಯ ಬಗ್ಗೆ ಮಾತಾಡದೆ ಸತ್ತವರು ಸ್ವರ್ಗಕ್ಕೆ ಮೊದಲು ಶುದ್ಧರಾಗುವ ಶುದ್ಧೀಕರಣ ಸ್ಥಿತಿಯ ಚರ್ಚೆಗೆ ಇಳಿದರೆ ಇಬ್ಬರ ಮಾತೂ ಒಬ್ಬರಿಗೊಬ್ಬರಿಗೆ ತಲುಪದು.

ಬಲಿಪೀಠಕ್ಕೆ ಬರೋಣ. ಬಲಿಪೂಜೆಯಲ್ಲಿ ಗುರುಗಳು ಕ್ರಿಸ್ತರ ಮಾತುಗಳನ್ನು ಉಚ್ಚರಿಸಿದಾಗ ರೊಟ್ಟಿಯೂ ದ್ರಾಕ್ಷಾರಸವೂ ಸತ್ವದಲ್ಲಿ ಕ್ರಿಸ್ತರ ಶರೀರ ಮತ್ತು ರಕ್ತವಾಗುತ್ತವೆ. ರುಚಿ, ಬಣ್ಣ, ಆಕಾರ ಮಾತ್ರ ಹಾಗೇ ಉಳಿಯುತ್ತವೆ. ಕಲ್ವಾರಿಯಲ್ಲಿ ಶಿಲುಬೆಯ ಮೇಲೆ ನಡೆದ ಒಂದೇ ಬಲಿ ಅಲ್ಲಿ ಪ್ರತ್ಯಕ್ಷವಾಗುತ್ತದೆ, ಕ್ರಿಸ್ತರನ್ನು ಮತ್ತೆ ಮತ್ತೆ ಬಲಿಕೊಡುವುದಿಲ್ಲ. ಇದನ್ನು ನಂಬುವುದರಿಂದಲೇ ರೊಟ್ಟಿ ಗೋಧಿಯದೇ ಆಗಿರಬೇಕು, ರಸ ದ್ರಾಕ್ಷಿಯದೇ ಆಗಿರಬೇಕು, ಸ್ವೀಕರಿಸುವ ಒಂದು ಗಂಟೆ ಮೊದಲಿನಿಂದ ನೀರು ಮತ್ತು ಔಷಧಿ ಬಿಟ್ಟು ಏನನ್ನೂ ಸೇವಿಸಬಾರದು ಎಂಬ ನಿಯಮಗಳಿವೆ. ಉಳಿದ ಪ್ರಸಾದವನ್ನು ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಅದರ ಮುಂದೆ ಮೊಣಕಾಲೂರುವುದೂ ಇದರಿಂದಲೇ.

ಪ್ರಾಟೆಸ್ಟೆಂಟರೆಲ್ಲ ಇದನ್ನು ಬರೀ ಸ್ಮರಣೆ ಎನ್ನುತ್ತಾರೆ ಎಂದು ನಮ್ಮವರು ಹೇಳುವುದುಂಟು. ಅದು ಅವರಿಗೆ ಮಾಡುವ ಅನ್ಯಾಯ. 1529ರಲ್ಲಿ ಮಾರ್ಬರ್ಗಿನಲ್ಲಿ ಜರ್ಮನಿಯ ಸುಧಾರಕ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಮುಖಾಮುಖಿ ಕೂತು ಹಲವು ವಿಷಯಗಳಲ್ಲಿ ಒಪ್ಪಿದರು, ಇದೊಂದರಲ್ಲಿ ಒಪ್ಪಲಿಲ್ಲ. ಲೂಥರ್ ಕ್ರಿಸ್ತರ ನಿಜ ಸಾನ್ನಿಧ್ಯವನ್ನು ಬಿಟ್ಟುಕೊಡಲಿಲ್ಲ. ಜ್ವಿಂಗ್ಲಿಗೆ ಅದು ಸ್ಮರಣೆಯ ಭೋಜನ. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ನಂತರ ಆತ್ಮಿಕ ಸಾನ್ನಿಧ್ಯ ಎಂದರು. ಹಾಗಾಗಿ ‘ನಿಮ್ಮ ಸಭೆ ಏನು ಬೋಧಿಸುತ್ತದೆ?’ ಎಂದು ಮೊದಲು ಕೇಳಿ ತಿಳಿದುಕೊಂಡೇ ಮಾತು ಮುಂದುವರಿಸಬೇಕು.

ಹಾಗಾದರೆ ನಿಜ ಸಾನ್ನಿಧ್ಯವನ್ನು ನಂಬುವ ಲೂಥರನ್ನರಿಗೂ ನಾವು ಸಾಮಾನ್ಯವಾಗಿ ಪರಮಪ್ರಸಾದ ಕೊಡುವುದಿಲ್ಲ, ಏಕೆ? ಪ್ರೇಷಿತರಿಂದ ಧರ್ಮಾಧ್ಯಕ್ಷರಿಗೆ, ಅವರಿಂದ ಗುರುಗಳಿಗೆ ಹಸ್ತಾರ್ಪಣೆಯಿಂದ ಸಾಗಿಬಂದ ಯಾಜಕ ದೀಕ್ಷೆ ಅಲ್ಲಿ ಮುಂದುವರಿದಿಲ್ಲ ಎಂಬುದು ನಮ್ಮ ಬೋಧನೆ. ಪರಮಪ್ರಸಾದ ವೈಯಕ್ತಿಕ ಭಕ್ತಿಗಷ್ಟೇ ಸೀಮಿತವಲ್ಲ, ಧರ್ಮಸಭೆಯ ಏಕತೆಯ ಗುರುತೂ ಹೌದು. ಇಲ್ಲದ ಏಕತೆಯನ್ನು ಇದೆ ಎಂದು ತೋರಿಸಲಾಗದು. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 844ನೇ ವಿಧಿಯ ಪ್ರಕಾರ, ಮರಣದ ಅಪಾಯ ಅಥವಾ ಧರ್ಮಾಧ್ಯಕ್ಷರು ಒಪ್ಪುವ ಗಂಭೀರ ಅಗತ್ಯವಿದ್ದು, ತಮ್ಮ ಸಭೆಯ ಪಾಲಕರು ಸಿಗದೆ, ತಾವಾಗಿಯೇ ಬೇಡಿ, ಈ ಸಂಸ್ಕಾರದ ಬಗ್ಗೆ ಕಥೋಲಿಕ ವಿಶ್ವಾಸವನ್ನೇ ಹೊಂದಿ, ಯೋಗ್ಯ ಮನಃಸ್ಥಿತಿಯಲ್ಲಿದ್ದರೆ ಪ್ರಾಟೆಸ್ಟೆಂಟರಿಗೂ ಕೊಡಬಹುದು. ಒಂದು ಷರತ್ತು ತಪ್ಪಿದರೂ ಆಗದು. ಮದುವೆಯ ಪೂಜೆಯಲ್ಲಿ ನೆಂಟರ ಮುಲಾಜಿಗೆ ಕೊಡುವುದಂತೂ ಸಲ್ಲದು.

ಪಾಪನಿವೇದನೆಯ ಭೇದವೂ ಇದೇ ದೀಕ್ಷೆಯ ಪ್ರಶ್ನೆಗೆ ಬಂದು ನಿಲ್ಲುತ್ತದೆ, ಯೊವಾನ್ನರ ಶುಭಸಂದೇಶದ 20:23ರಲ್ಲಿ ಕ್ರಿಸ್ತರು ಶಿಷ್ಯರಿಗೆ ಕೊಟ್ಟ ಪಾಪ ಕ್ಷಮಿಸುವ ಅಧಿಕಾರ ಇಂದು ಯಾರ ಬಳಿ ಇದೆ ಎಂಬಲ್ಲಿಗೆ.

ರಕ್ಷಣೆ ಸಿಗುವುದು ವಿಶ್ವಾಸದಿಂದಲೋ ಸತ್ಕ್ರಿಯೆಯಿಂದಲೋ ಎಂಬ ಜಗಳ ಎಲ್ಲಕ್ಕಿಂತ ದೊಡ್ಡದು ಎಂದು ಈಗಲೂ ಹಲವರು ತಿಳಿದಿದ್ದಾರೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿ, ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಪುಣ್ಯದ ಬಲದಿಂದಲ್ಲ, ಕೃಪೆಯಿಂದಲೇ ಎಂದು ಒಟ್ಟಾಗಿ ಹೇಳಿದವು. 2006ರಲ್ಲಿ ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದವರೂ ಸೇರಿಕೊಂಡರು. ಕಥೋಲಿಕರು ಕ್ರಿಯೆಯಿಂದ ಸ್ವರ್ಗ ಸಂಪಾದಿಸುತ್ತಾರೆ ಎಂಬ ಆರೋಪವನ್ನು ಟ್ರೆಂಟ್ ಮಹಾಸಭೆಯೇ ತಳ್ಳಿಹಾಕಿತ್ತು.

ಮರಿಯಮ್ಮನವರ ಬಗ್ಗೆ ಇಷ್ಟು: ಆರಾಧನೆ ದೇವರೊಬ್ಬರಿಗೇ, ಸಂತರಿಗೆ ಗೌರವ, ಅವರಲ್ಲಿ ನಾವು ಬೇಡುವುದು ನಮಗಾಗಿ ಪ್ರಾರ್ಥಿಸಿ ಎಂದು. ಹತ್ತು ಆಜ್ಞೆಗಳಲ್ಲಿ ಪ್ರತಿಮೆ ಮಾಡಿಕೊಳ್ಳಬೇಡ ಎಂಬ ಆಜ್ಞೆಯನ್ನು ನಾವು ಅಳಿಸಿದೆವು ಎಂಬ ದೂರಿಗೆ ಕಾರಣ ಆಜ್ಞೆಗಳನ್ನು ಎಣಿಸುವ ರೀತಿ. ಅದು ನಮ್ಮಲ್ಲಿ ಮೊದಲನೆಯದರೊಳಗೇ ಸೇರಿದೆ; ಲೂಥರನ್ನರ ಎಣಿಕೆಯೂ ಹೀಗೇ ಇದೆ.

ಈ ಭೇದಗಳು ಮನೆಯೊಳಗೆ ಬರುವುದು ಮದುವೆಯಲ್ಲಿ. ಜ್ಞಾನಸ್ನಾನ ಪಡೆದ ಪ್ರಾಟೆಸ್ಟೆಂಟರನ್ನು ಮದುವೆಯಾಗಲು ಕಥೋಲಿಕರು ಧರ್ಮಾಧ್ಯಕ್ಷರ ಅನುಮತಿ ಪಡೆಯಬೇಕು. ತನ್ನ ವಿಶ್ವಾಸ ಉಳಿಸಿಕೊಳ್ಳುತ್ತೇನೆ, ಮಕ್ಕಳಿಗೆ ಕಥೋಲಿಕ ಜ್ಞಾನಸ್ನಾನ ಕೊಡಿಸಿ ಹಾಗೇ ಬೆಳೆಸಲು ಕೈಲಾದದ್ದನ್ನೆಲ್ಲ ಮಾಡುತ್ತೇನೆ ಎಂದು ಮಾತು ಕೊಡಬೇಕಾದವರು ಕಥೋಲಿಕರು ಮಾತ್ರ. ಇನ್ನೊಬ್ಬರಿಗೆ ಆ ಮಾತನ್ನು ತಿಳಿಸಬೇಕು, ಅವರಿಂದ ಸಹಿ ಮಾಡಿಸಿಕೊಳ್ಳುವಂತೆ ಕಾನೂನು ಹೇಳುವುದಿಲ್ಲ. ಅವರ ಚರ್ಚಿನಲ್ಲೇ ಮದುವೆ ನಡೆಯಬೇಕಿದ್ದರೆ ಕಥೋಲಿಕ ವಿವಾಹ ವಿಧಿಯಿಂದ ವಿನಾಯಿತಿಯನ್ನು ಮದುವೆಗೆ ಮೊದಲೇ, ಬರವಣಿಗೆಯಲ್ಲಿ ಪಡೆದುಕೊಳ್ಳಿ. ಅದಿಲ್ಲದೆ ನಡೆದರೆ ಧರ್ಮಸಭೆಯ ದೃಷ್ಟಿಯಲ್ಲಿ ಮದುವೆ ಸಿಂಧುವಲ್ಲ. ಬೆಳಿಗ್ಗೆ ಒಂದು ಚರ್ಚ್, ಸಂಜೆ ಇನ್ನೊಂದು ಚರ್ಚ್ ಎಂದು ಎರಡು ಸಲ ವಿವಾಹ ಸಮ್ಮತಿ ಕೊಡುವುದಕ್ಕೂ ಅವಕಾಶವಿಲ್ಲ. ಮದುವೆ ಒಂದೇ ಕಡೆ ನಡೆಯಲಿ. ಇನ್ನೊಂದು ಸಭೆಯ ಪಾಲಕರನ್ನು ಅಲ್ಲಿಗೇ ಕರೆದು, ವಾಚನ ಓದಲು, ಪ್ರಾರ್ಥಿಸಲು, ವಧೂವರರನ್ನು ಹರಸಲು ಕೇಳಿಕೊಳ್ಳಬಹುದು.