ತೆರೆ ಖಾಲಿಯಿದ್ದಾಗ ಕಥಾಲೋಕವನ್ನು ಕಾದ ಆಟದ ಪುಸ್ತಕಗಳು

ಸರಸ್ವತಿಪುರಂನಲ್ಲಿ ಸೇರುವ ನಮ್ಮ ಓದುಬಳಗವು ಜನಪ್ರಿಯ ಸಂಸ್ಕೃತಿಯ ಅಧ್ಯಯನಕ್ಕಾಗಿ ಈ ಬಾರಿ ಎತ್ತಿಕೊಂಡ ಪ್ರಶ್ನೆ ಇದು: ಹೊಸ ಸಿನಿಮಾ ಅಥವಾ ಧಾರಾವಾಹಿ ಬಾರದೆ ವರ್ಷಗಟ್ಟಲೆ ಮಲಗಿರುವ ವೈಜ್ಞಾನಿಕ ಕಥಾಸರಣಿಗಳನ್ನು ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳು ಹೇಗೆ ಜೀವಂತವಾಗಿ ಇಡುತ್ತವೆ? ಅಭಿಮಾನಿಗಳ ಉತ್ಸಾಹವೇ ಕಾರಣವೆಂದು ಹೇಳುವುದು ಸುಲಭ. ಆದರೆ ಸತ್ತೇಹೋದ ಸರಣಿಗಳಿಗೂ ಉತ್ಸಾಹಿ ಅಭಿಮಾನಿಗಳು ಇದ್ದರು. ಇಂಥ ಆಟಗಳ ನಿಯಮಗಳನ್ನೂ ಕಥಾಲೋಕದ ವಿವರಗಳನ್ನೂ ಕೊಡುವ ಪುಸ್ತಕಗಳು ಮಾಡುವ ಕೆಲಸ ಬೇರೆಯದು.

ಈ ಆಟದಲ್ಲಿ ಪ್ರತಿಯೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ, ಗೇಮ್ ಮಾಸ್ಟರ್ ಸನ್ನಿವೇಶವನ್ನು ವಿವರಿಸುತ್ತಾರೆ, ಪಾತ್ರದ ಪ್ರಯತ್ನ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ನಿರ್ಧರಿಸುತ್ತದೆ. ವೆಸ್ಟ್ ಎಂಡ್ ಗೇಮ್ಸ್ ಸಂಸ್ಥೆ 1987ರಲ್ಲಿ ಹೊರತಂದ, ಸ್ಟಾರ್ ವಾರ್ಸ್ ಎಂಬ ವ್ಯೋಮಸಾಹಸದ ಚಿತ್ರಸರಣಿಯನ್ನು ಆಧರಿಸಿದ ಆಟದಲ್ಲಿ ಪಾತ್ರದ ಬಂದೂಕಿನ ಕೌಶಲ ನಾಲ್ಕು ದಾಳದಷ್ಟಿದ್ದರೆ ನಾಲ್ಕು ದಾಳ ಉರುಳಿಸಿ ಕೂಡಬೇಕು. ಗುರಿಸಂಖ್ಯೆ 15 ಆಗಿದ್ದರೆ, ಮೊತ್ತ ಅಷ್ಟಾದರೂ ಆಗಬೇಕು. ಬೇಕಾದದ್ದು ಆರು ಮುಖದ ಸಾಮಾನ್ಯ ದಾಳ, ಅಂದರೆ ದೇವರಾಜ ಅರಸು ರಸ್ತೆಯ ಯಾವುದೇ ಆಟಿಕೆ ಅಂಗಡಿಯ ಲೂಡೋ ಡಬ್ಬಿಯಲ್ಲಿರುವಂಥದ್ದು.

ಮುಖ್ಯವಾದ ಸಂಗತಿ ದಾಳದ್ದಲ್ಲ, ಆಟಗಾರರು ಕೇಳುವ ಪ್ರಶ್ನೆಯದ್ದು. ನಾವು ಆಡಿ ನೋಡಿದಾಗ ವ್ಯೋಮನೌಕೆ ಬಂದರಿಗೆ ಇಳಿಯುತ್ತಿದ್ದಂತೆ ಮಂಡ್ಯ ಕಡೆಯ ಗೆಳೆಯನೊಬ್ಬ, "ಅಲ್ಲ ಕಣಣ್ಣ, ಹಡಗು ನಿಲ್ಸಕ್ಕೆ ಬಾಡಿಗೆ ಎಷ್ಟು? ಸುಂಕದೋನು ಕಾಸು ಗೀಸು ಕೇಳ್ತಾನಾ?" ಎಂದ. ಸಿನಿಮಾಕ್ಕೆ ಈ ಪ್ರಶ್ನೆ ಎದುರಾಗುವುದೇ ಇಲ್ಲ. ಕ್ಯಾಮೆರಾ ತಿರುಗಿದರೆ ಮುಗಿಯಿತು. ಗೇಮ್ ಮಾಸ್ಟರ್ ಮಾತ್ರ ಆ ಕ್ಷಣದಲ್ಲೇ ಉತ್ತರ ಕೊಡಬೇಕು. ಆದ್ದರಿಂದ ಆಟದ ಆಕರ ಪುಸ್ತಕಗಳು ಕಥೆಯ ಅಂಚಿನಲ್ಲಿ ಬಿಟ್ಟುಹೋದ ಗ್ರಹಗಳು, ಜನಾಂಗಗಳು, ಬೆಲೆಗಳು, ಕಾನೂನುಗಳು, ಯಂತ್ರಗಳು ಎಲ್ಲವನ್ನೂ ಬರೆದಿಡಬೇಕಾಗುತ್ತದೆ.

ಸ್ಟಾರ್ ವಾರ್ಸ್ ಇದಕ್ಕೆ ಅತ್ಯುತ್ತಮ ನಿದರ್ಶನ. ಮೊದಲ ಚಿತ್ರತ್ರಯದ ಕೊನೆಯ ಭಾಗ ತೆರೆಕಂಡದ್ದು 1983ರಲ್ಲಿ. 1986ರ ಹೊತ್ತಿಗೆ ಮಾರ್ವೆಲ್ ಕಾಮಿಕ್ಸ್ ಸರಣಿಯೂ ಕಾರ್ಟೂನುಗಳೂ ನಿಂತುಹೋಗಿದ್ದವು. ಆ ಬರಗಾಲದಲ್ಲಿ ಬಂದ ಆಟದ ಪುಸ್ತಕಗಳು ತೆರೆಯ ಮೇಲೆ ಅನಾಮಿಕವಾಗಿ ಸುಳಿದುಹೋದ ಜೀವಿಗಳಿಗೆ ಹೆಸರು, ತಾಯ್ನೆಲ, ನಡವಳಿಕೆ ಕೊಟ್ಟವು. ಆಟಿಕೆ ಕಂಪನಿಯು ಬರಿದೆ ಹ್ಯಾಮರ್‌ಹೆಡ್ ಎಂದು ಕರೆದು ಮಾರಿದ್ದ ಬಾಗಿದ ತಲೆಯ ಜೀವಿ ಇಥೋರಿಯನ್ ಆಯಿತು. ತಲೆಯಿಂದ ಎರಡು ಬಾಲಗಳು ಇಳಿಬಿದ್ದವರು ಟ್ವೈಲೆಕ್ ಆದರು. ಮುಂದೆ ಆ ಚಿತ್ರಗಳ ನಿರ್ಮಾಣ ಸಂಸ್ಥೆಯಾದ ಲೂಕಾಸ್‌ಫಿಲ್ಮ್ ಹೊಸ ಕಾದಂಬರಿಗಳಿಗೆ ಅನುಮತಿ ಕೊಟ್ಟಾಗ ಲೇಖಕ ತಿಮತಿ ಜಾನ್ ಅವರಿಗೆ ಹಿನ್ನೆಲೆ ಸಾಮಗ್ರಿಯಾಗಿ ಕಳುಹಿಸಿದ್ದು ಈ ಆಟದ ಪುಸ್ತಕಗಳನ್ನೇ. 1991ರಲ್ಲಿ ಪ್ರಕಟವಾದ ಅವರ ಕಾದಂಬರಿ ಭರ್ಜರಿಯಾಗಿ ಮಾರಾಟವಾಗಿ ಸರಣಿಯ ಮರುಹುಟ್ಟಿಗೆ ದಾರಿ ಮಾಡಿತು. ಆಟಗಾರರ ಕುತೂಹಲ ತಣಿಸಲೆಂದು ಸಿದ್ಧವಾದ ವಿವರಗಳು ಹೀಗೆ ಬರಹಗಾರರ ಕೈಪಿಡಿಯಾದವು.

ಇನ್ನೊಂದು ಮುಖವೂ ಇದೆ. ಮಂಡ್ಯದ ಹಳ್ಳಿಗಳಲ್ಲಿ ಊರಿನವರೇ ದುಡ್ಡು ಹಾಕಿ ಪಾತ್ರ ಕಟ್ಟಿ ಆಡುವ ಕುರುಕ್ಷೇತ್ರ ನಾಟಕದಂತೆ, ಇಲ್ಲಿಯೂ ಕಥೆ ಪ್ರೇಕ್ಷಕರ ಕೈಗೇ ಬರುತ್ತದೆ. ವ್ಯತ್ಯಾಸವೆಂದರೆ, ನಾಟಕದಲ್ಲಿ ಬೆಳಗಿನ ಜಾವಕ್ಕೆ ದುರ್ಯೋಧನನ ತೊಡೆ ಮುರಿಯಲೇಬೇಕು. ಆಟದಲ್ಲಿ ಅಂತ್ಯ ಯಾರಿಗೂ ಗೊತ್ತಿರುವುದಿಲ್ಲ. ನಟರ ಸಂಭಾವನೆಯಾಗಲಿ ಸೆಟ್ಟಿನ ಖರ್ಚಾಗಲಿ ಇಲ್ಲದ ಕಾರಣ, ದೊಡ್ಡ ನಿರ್ಮಾಪಕರಿಗೆ ಗಿಟ್ಟದ ಸರಣಿಯೂ ಸಣ್ಣ ಪ್ರಕಾಶಕರಿಗೆ ಗಿಟ್ಟುತ್ತದೆ. 2002ರಲ್ಲಿ ಆರಂಭವಾದ ಫೈರ್‌ಫ್ಲೈ ಧಾರಾವಾಹಿಯ 14 ಕಂತುಗಳು ಮಾತ್ರ ತಯಾರಾದವು. ಮೊದಲ ಪ್ರಸಾರದಲ್ಲಿ 11 ಮಾತ್ರ ಬಂದವು. ಅದರ ಕಥೆಯನ್ನು ಮುಂದುವರಿಸಿದ 2005ರ ಚಲನಚಿತ್ರದ ಜೊತೆಗೇ ಆಟವೂ ಬಂತು. ಚಿತ್ರದ ಮುಂದಿನ ಭಾಗ ಬರಲೇ ಇಲ್ಲ, ಆದರೆ ಅದೇ ಪ್ರಕಾಶಕರು 2014ರಲ್ಲಿ ಆ ಲೋಕದ ಮತ್ತೊಂದು ಆಟ ತಂದರು.

ಈ ವಾದವನ್ನು ಎಲ್ಲೆಡೆಗೂ ಹಿಗ್ಗಿಸಬಾರದು. ಬ್ರಿಟನ್ನಿನ ಡಾಕ್ಟರ್ ಹೂ ಧಾರಾವಾಹಿ 1989ರಿಂದ 2005ರವರೆಗೆ, ನಡುವಿನ ಒಂದು ಟಿವಿ ಚಿತ್ರವನ್ನು ಬಿಟ್ಟರೆ, ಕಿರುತೆರೆಯಿಂದ ದೂರವಿದ್ದಾಗ ಅದನ್ನು ಉಳಿಸಿದ್ದು ಹೆಚ್ಚಾಗಿ ಕಾದಂಬರಿಗಳು ಮತ್ತು ಧ್ವನಿನಾಟಕಗಳು. ಆಟದ ಪಾಲು ಅಲ್ಪ. ಸ್ಟಾರ್ ಟ್ರೆಕ್ ಧಾರಾವಾಹಿಯನ್ನು ಆಧರಿಸಿದ ಫಾಸಾ ಸಂಸ್ಥೆಯ ಆಟದಲ್ಲಿ ಲೇಖಕ ಜಾನ್ ಎಂ. ಫೋರ್ಡ್ ಕ್ಲಿಂಗಾನ್ ಜನಾಂಗದ ಸಮಾಜವನ್ನು ಸೊಗಸಾಗಿ ಕಟ್ಟಿಕೊಟ್ಟಿದ್ದರು. ಆದರೆ ಮುಂದೆ ಬಂದ ಸ್ಟಾರ್ ಟ್ರೆಕ್ ಧಾರಾವಾಹಿ ಅದನ್ನು ಬಹುಪಾಲು ಬದಿಗಿಟ್ಟು ತನ್ನದೇ ಹಾದಿ ಹಿಡಿಯಿತು, ನನ್ನ ಅಭಿಪ್ರಾಯದಲ್ಲಿ ನಷ್ಟ ಧಾರಾವಾಹಿಗೇ.

ಪರವಾನಗಿಯ ಪ್ರಶ್ನೆಯನ್ನೂ ಮರೆಯುವಂತಿಲ್ಲ, ಏಕೆಂದರೆ ಕಥಾಲೋಕದ ಒಡೆತನ ಪ್ರಕಾಶಕರದ್ದಲ್ಲ. ವೆಸ್ಟ್ ಎಂಡ್ ಗೇಮ್ಸ್ 1998ರಲ್ಲಿ ದಿವಾಳಿಯಾದಾಗ ಸ್ಟಾರ್ ವಾರ್ಸ್ ಹಕ್ಕು ಕೈತಪ್ಪಿತು, 2000ದ ಹೊತ್ತಿಗೆ ಬೇರೊಂದು ಸಂಸ್ಥೆ ಬೇರೆಯೇ ನಿಯಮಗಳ ಆಟ ತಂದಿತು. 2014ರಲ್ಲಿ ಲೂಕಾಸ್‌ಫಿಲ್ಮ್ ಹಳೆಯ ಕಾದಂಬರಿ ಮತ್ತು ಕಾಮಿಕ್ಸ್‌ಗಳ ವಿಸ್ತೃತ ಕಥಾಲೋಕವನ್ನು ಅಧಿಕೃತ ಇತಿಹಾಸದಿಂದ ಹೊರಗಿಟ್ಟಿತು. ಆದರೂ ಆಟದ ಪುಸ್ತಕಗಳು ಕೊಟ್ಟ ಇಥೋರಿಯನ್, ಟ್ವೈಲೆಕ್ ಹೆಸರುಗಳು ಹೊಸ ಸರಣಿಗಳಲ್ಲೂ ಹಾಗೆಯೇ ಮುಂದುವರಿದಿವೆ.