ಹೆದ್ದಾರಿ ಬಂತು, ಮಂಡ್ಯಕ್ಕೆ ಕಂಪನಿಗಳು ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಮ್ಮದು ಮಂಡ್ಯ. ಊರು ನಾಲ್ಕೂ ಕಡೆ ಬೆಳೀತಿದೆ, ಲೇಔಟ್ ಮೇಲೆ ಲೇಔಟ್ ಆಗ್ತಿದೆ. ಎಕ್ಸ್‌ಪ್ರೆಸ್‌ವೇ ಕೂಡ ಆಯ್ತು. ಆದರೂ ಓದಿದ ಮಕ್ಕಳು ಬೆಳಗ್ಗೆ ಎದ್ದು ರೈಲು ಹತ್ತಿ ಬೆಂಗಳೂರಿಗೋ ಮೈಸೂರಿಗೋ ಹೋಗ್ತಾರೆ. ಕಂಪನಿಗಳು ಇಲ್ಲಿಗೇ ಬರಬೇಕಾದರೆ ಏನು ಮಾಡಬೇಕು?

ಉತ್ತರ: ಮೊದಲು ರಸ್ತೆಯ ವಿಷಯ ನೋಡೋಣ. ಬೆಂಗಳೂರು–ಮೈಸೂರು ಹೆದ್ದಾರಿ 118 ಕಿ.ಮೀ. 2023ರ ಮಾರ್ಚ್ 12ರಂದು ಪ್ರಧಾನಿ ಅದನ್ನು ಉದ್ಘಾಟಿಸಿದ್ದು ಮಂಡ್ಯ ಜಿಲ್ಲೆಯಲ್ಲೇ. ಅವತ್ತಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನು ಕಂಪನಿಗಳು ಬರುತ್ತವೆ. ಆದರೆ ಆ ರಸ್ತೆ ಮಂಡ್ಯವನ್ನು ಬೆಂಗಳೂರಿಗೆ ಹತ್ತಿರ ಮಾಡಿದ ಹಾಗೇ ಮೈಸೂರನ್ನೂ ಹತ್ತಿರ ಮಾಡಿತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆ ಆಸುಪಾಸಿಗೆ ಇಳಿಯಿತು. ಮೈಸೂರು ದೂರ ಎಂದು ಮಂಡ್ಯದ ಕಡೆ ನೋಡಬಹುದಾಗಿದ್ದವರಿಗೆ ಈಗ ಮೈಸೂರೇ ಕೈಗೆ ಸಿಗುತ್ತದೆ. ಮಂಡ್ಯ, ಮದ್ದೂರು, ಚನ್ನಪಟ್ಟಣ ಮೂರಕ್ಕೂ ಬೈಪಾಸ್ ಆಗಿದೆ. ಹಳೇ ರಸ್ತೆಯ ವಡೆ ಹೋಟೆಲಿನವರು, ಬೊಂಬೆ ಅಂಗಡಿಯವರು ಅದರ ಪೆಟ್ಟು ತಿಂದಾಗಿದೆ. ರಸ್ತೆ ಒಂದು ಊರಿಗೆ ಜನರನ್ನು ತರುತ್ತದೆ, ಅದೇ ರಸ್ತೆ ಆ ಊರನ್ನು ದಾಟಿಸಿಯೂ ಬಿಡುತ್ತದೆ.

ಹಾಗಾದರೆ ಕಂಪನಿಯವರು ಏನು ನೋಡುತ್ತಾರೆ? ಜಾಗ ನೋಡಲು ಬಂದವರ ಜೊತೆ ಒಂದು ಸಲ ಸುಮ್ನೆ ಓಡಾಡಿದರೆ ಗೊತ್ತಾಗುತ್ತದೆ. ಅವರ ಕಣ್ಣು ಮೊದಲು ಹೋಗುವುದು ಟ್ರಾನ್ಸ್‌ಫಾರ್ಮರ್ ಕಡೆಗೆ. ಎಷ್ಟು ಕೆವಿಎ (ಅಂದರೆ ಎಷ್ಟು ಲೋಡ್ ತಡೆಯುತ್ತದೆ), ಯಾವ ಸ್ಟೇಷನ್‌ನಿಂದ ಲೈನು, ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ? ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವವರಿಗೆ ಐದು ನಿಮಿಷ ಕರೆಂಟ್ ಹೋದರೂ ಮಿಷನ್ ಒಳಗಿನ ಮಾಲು ಗಟ್ಟಿಯಾಗಿ ಅರ್ಧ ದಿನ ಹಾಳು. ಆಮೇಲೆ ನಲವತ್ತು ಅಡಿ ಕಂಟೇನರ್ ಲಾರಿ ಸರ್ವಿಸ್ ರೋಡಿನಿಂದ ಒಳಗೆ ತಿರುಗುತ್ತದಾ ಎಂದು ನೋಡುತ್ತಾರೆ. ಹೊಲಸು ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾರೆ. ಕೊನೆಗೆ, ಊಟಕ್ಕೆ ಕೂತಾಗ, ಇನ್ನೊಂದು ಪ್ರಶ್ನೆ ಬರುತ್ತದೆ: ನಮ್ಮ ಮ್ಯಾನೇಜರ್ ಮಕ್ಕಳು ಯಾವ ಸ್ಕೂಲಿಗೆ ಹೋಗಬೇಕು, ಅವರ ಹೆಂಡತಿಗೆ ಇಲ್ಲಿ ಕೆಲಸ ಸಿಗುತ್ತದಾ? ಮೈಸೂರು ಗೆಲ್ಲುವುದು ಬಹಳ ಸಲ ಈ ಊಟದ ಹೊತ್ತಿನ ಪ್ರಶ್ನೆಯಲ್ಲೇ.

ಜಮೀನು ಅಗ್ಗಕ್ಕೆ ಕೊಟ್ಟರೆ ಬರುತ್ತಾರೆ ಎನ್ನುವವರು ಜಾಸ್ತಿ. ನನಗೆ ಅದು ಒಪ್ಪಿಗೆ ಇಲ್ಲ. ಮಂಡ್ಯದಲ್ಲಿ ತೊಂದರೆ ಜಮೀನಿನ ಬೆಲೆಗಿಂತ ಅದರ ಕಾಗದದ್ದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಹಿಡುವಳಿಗಳು ಸಣ್ಣವು. ಒಂದೇ ಪಹಣಿಯಲ್ಲಿ ಅಣ್ಣ ತಮ್ಮ, ಅಕ್ಕ ತಂಗಿ ಎಲ್ಲರ ಹೆಸರು. ಅಳತೆ ಮಾಡಿ ಪಾಲು ಬೇರ್ಪಡಿಸುವ ಪೋಡಿ ಆಗಿರುವುದಿಲ್ಲ, ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಪೌತಿ ಖಾತೆ ಆಗಿರುವುದಿಲ್ಲ. ಹೊರಗಿನಿಂದ ಬಂದವರು ಇದನ್ನೆಲ್ಲ ಬಿಡಿಸುತ್ತಾ ಕೂರುವುದಿಲ್ಲ, ಮುಂದಿನ ಊರಿಗೆ ಹೋಗುತ್ತಾರೆ. ಅದೂ ಅಲ್ಲದೆ ನೀರು ಹರಿಯುವ ಗದ್ದೆಯನ್ನು ಶೆಡ್ ಹಾಕಲು ಕೊಡುವುದು ತಪ್ಪು. ತೂಬಿನಕೆರೆ, ಸೋಮನಹಳ್ಳಿಯಲ್ಲಿ ಆಗಲೇ ಕೈಗಾರಿಕಾ ಪ್ರದೇಶಗಳಿವೆ. ಮೊದಲು ಅವು ಪೂರ್ತಿ ಬಳಕೆಯಾಗಲಿ.

ಸಬ್ಸಿಡಿ ಪೈಪೋಟಿಯಲ್ಲಂತೂ ಸಣ್ಣ ಊರು ಗೆಲ್ಲುವುದು ಕಷ್ಟ. ಕೇನ್ಸ್ ಟೆಕ್ನಾಲಜಿ 1988ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಎಲೆಕ್ಟ್ರಾನಿಕ್ಸ್ ಕಂಪನಿ. ಅದರ ಸೆಮಿಕಂಡಕ್ಟರ್ (ಚಿಪ್) ಘಟಕಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು, ಸುಮಾರು 3,300 ಕೋಟಿ ರೂಪಾಯಿಯ ಯೋಜನೆ. ಘಟಕ ಹೋಗಿದ್ದು ಗುಜರಾತಿನ ಸಾನಂದಕ್ಕೆ. ಮೈಸೂರಿಗೇ ತನ್ನ ಮನೆಮಗನನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅಂಥ ಆಟ ರಾಜ್ಯ ಮತ್ತು ಕೇಂದ್ರದ ಮಟ್ಟದ್ದು, ನಗರಸಭೆಯದ್ದಲ್ಲ. ಆದರೆ ಅದೇ ಕಂಪನಿ ಮೈಸೂರಿನಲ್ಲಿ ಬೆಳೆದಿದ್ದು ಹೇಗೆ ಎಂದೂ ನೋಡಬೇಕು. ಎನ್‌ಐಇ, ಎಸ್‌ಜೆಸಿಇಯಂಥ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗರು ಕೈಗೆ ಸಿಗುತ್ತಿದ್ದರು. ಅಲ್ಲಿನ ಹೆಬ್ಬಾಳ, ಮೇಟಗಳ್ಳಿ ಕಡೆ ಬಿಡಿಭಾಗ ಮಾಡುವ ವರ್ಕ್‌ಶಾಪ್‌ಗಳಿದ್ದವು. ಒಂದು ಕಾರ್ಖಾನೆ ಇದ್ದ ಕಡೆ ಇನ್ನೊಂದು ಬರುತ್ತದೆ.

ಮಂಡ್ಯ ಬೆಳೆದ ರೀತಿಯೂ ಹಾಗೇ. ಕನ್ನಂಬಾಡಿ ಕಟ್ಟೆ ಆಯಿತು, ನಾಲೆ ಬಂತು, ಕಬ್ಬು ಬಂತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರೈತರೇ ಷೇರುದಾರರಾದರು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಯಿತು. ಆಗ ಯಾರೂ ಹೊರಗಿನ ಕಂಪನಿಗೆ ಕಾದು ಕೂರಲಿಲ್ಲ. ಕೈಯಲ್ಲಿದ್ದ ಬೆಳೆಯಿಂದಲೇ ಶುರು ಮಾಡಿದರು. ತೊಂದರೆ ಆಗಿದ್ದು ಆಮೇಲೆ, ಊರೆಲ್ಲ ಅದೊಂದನ್ನೇ ನೆಚ್ಚಿಕೊಂಡಾಗ. ಕಾರ್ಖಾನೆ ನಿಂತ ವರ್ಷಗಳಲ್ಲಿ ಕಬ್ಬು ಬೆಳೆದವರು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ಮೈಸೂರಿನಲ್ಲಿ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದಾಗಲೂ ಹೀಗೇ ಎಷ್ಟೋ ಮನೆಗಳ ಸಂಬಳ ನಿಂತುಹೋಯಿತು. ಅದಕ್ಕೇ ಒಂದು ದೊಡ್ಡ ಕಂಪನಿಗಿಂತ ಐವತ್ತು ಜನಕ್ಕೆ ಕೆಲಸ ಕೊಡುವ ಇಪ್ಪತ್ತು ಘಟಕ ಬರಲಿ ಎನ್ನುವುದು ನನ್ನ ಆಸೆ.

ಬೆಲ್ಲವನ್ನೇ ತೆಗೆದುಕೊಳ್ಳಿ. ಕೇಂದ್ರದ ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿದ್ದು ಬೆಲ್ಲ. ಸಣ್ಣ ಆಹಾರ ಘಟಕಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರ 35 ಶೇಕಡ ಸಹಾಯಧನ ಇಟ್ಟಿತು. ಕರ್ನಾಟಕ ತನ್ನ ಪಾಲು ಸೇರಿಸಿ ಅದನ್ನು 50 ಶೇಕಡಕ್ಕೆ ಏರಿಸಿತು, 15 ಲಕ್ಷದ ಮಿತಿಯೊಳಗೆ. ಆದರೂ ಆಲೆಮನೆಯಿಂದ ಅಚ್ಚುಬೆಲ್ಲ ಎಪಿಎಂಸಿಗೆ ಹೋಗಿ, ಅಲ್ಲಿಂದ ಬಹುಪಾಲು ಸಗಟಾಗಿ ಲಾರಿ ಹತ್ತುತ್ತದೆ. ಪುಡಿಬೆಲ್ಲ ಮಾಡಿ, ತೇವ ಹಿಡಿಯದ ಹಾಗೆ ಪ್ಯಾಕ್ ಮಾಡಿ, ಗಂಧಕ ಹಾಕಿಲ್ಲ ಎಂದು ಲ್ಯಾಬ್ ಪರೀಕ್ಷೆ ಮಾಡಿಸಿ ಮಾರಿದರೆ ಅದರ ಲಾಭ ಇಲ್ಲೇ ಉಳಿಯುತ್ತದೆ. ಪ್ಯಾಕಿಂಗ್ ಮಿಷನ್ ರಿಪೇರಿ ಮಾಡುವ ಹುಡುಗ, ಲೇಬಲ್ ಅಚ್ಚು ಹಾಕುವ ಪ್ರೆಸ್, ಲೆಕ್ಕ ನೋಡುವ ಆಡಿಟರ್ ಎಲ್ಲರಿಗೂ ಕೆಲಸ. ಆಮೇಲೆ ಹೊರಗಿನ ಆಹಾರ ಕಂಪನಿ ಬಂದರೆ ಇಷ್ಟೂ ಜನ ರೆಡಿ ಇರುತ್ತಾರೆ.

ನೀವೇನು ಮಾಡಬಹುದು? 15 ಕೋಟಿವರೆಗಿನ ಯೋಜನೆಗಳಿಗೆ ಒಪ್ಪಿಗೆ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿ. ಅಂದರೆ ನಾನು ಹೇಳಿದಂಥ ಘಟಕಗಳು ಬೆಂಗಳೂರಿಗೆ ಅಲೆಯಬೇಕಿಲ್ಲ. ಒಪ್ಪಿಗೆ ಸಿಕ್ಕ ಎಷ್ಟು ಘಟಕ ನಿಜವಾಗಿ ಶುರುವಾಗಿವೆ, ಶುರುವಾಗದೆ ಇರುವುದಕ್ಕೆ ಕಾರಣ ಕರೆಂಟಾ, ನೀರಾ, ಬ್ಯಾಂಕ್ ಸಾಲವಾ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನ ಪಡೆದು ಸುಮ್ಮನೆ ಬೇಲಿ ಹಾಕಿಟ್ಟವರ ಪಟ್ಟಿಯನ್ನೂ ಕೇಳಿ. ಹೇಳಿದ ಅವಧಿಯಲ್ಲಿ ಕೆಲಸ ಶುರು ಮಾಡದಿದ್ದರೆ ನಿವೇಶನ ವಾಪಸ್ ಪಡೆಯುವ ಷರತ್ತು ಹಂಚಿಕೆಯಲ್ಲೇ ಇರುತ್ತದೆ.